61 ದಿನ ಒಂದೇ ಮಾಡಿನ ಕೆಳಗೆ: ಜಗಳಗಂಟ ಪ್ರೇಮದ ಕಿರುಚಿತ್ರಕ್ಕೆ ಸಲಹೆ ಬೇಕು

ಮಲ್ಪೆಯ ಕ್ಯಾಮೆರಾ:
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಮಂದಿ ಗೆಳೆಯರು ಸೇರಿ ಇಪ್ಪತ್ತು ನಿಮಿಷದ ಒಂದು ಕಿರುಚಿತ್ರಕ್ಕೆ ಕೈ ಹಾಕಿದ್ದೇವೆ. ಪ್ರೇಮಕಥೆ ಎಂದರೆ ಪ್ರೇಮಕಥೆ. ಆದರೆ ಮುಕ್ಕಾಲು ಪಾಲು ಜಗಳ.

ಗಂಡ ಮಲ್ಪೆಯ ಆಳಸಮುದ್ರ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಎಂಟು ಹತ್ತು ದಿನ ಕಡಲಿನಲ್ಲಿ, ಒಂದೆರಡು ದಿನ ಮನೆಯಲ್ಲಿ. ಹೆಂಡತಿ ಸಂತೆಕಟ್ಟೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮದುವೆಯಾಗಿ ವರ್ಷ ತುಂಬಿಲ್ಲ. ಅವನು ದಡಕ್ಕೆ ಬಂದ ಆ ಒಂದೆರಡು ದಿನ ಇವರಷ್ಟು ಪ್ರೀತಿಯಿಂದ ಇರುವ ಜೋಡಿ ಊರಿನಲ್ಲೇ ಇಲ್ಲ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಆರಂಭವಾಗುತ್ತದೆ, ಜುಲೈ 31ರ ತನಕ ಅವನು ಮನೆಯಲ್ಲೇ. ಮೊದಲ ಬಾರಿಗೆ ಇಬ್ಬರೂ 61 ದಿನ ಒಟ್ಟಿಗೆ ಇರಬೇಕು. ಫ್ಯಾನಿನ ವೇಗಕ್ಕೆ ಜಗಳ, ಗಂಜಿಯ ಉಪ್ಪಿಗೆ ಜಗಳ, ಅವಳ ಮೊಬೈಲಿಗೆ ಬರುವ ಕರೆಗಳಿಗೆ ಜಗಳ. ರಾತ್ರಿ ರಾಜಿ, ಬೆಳಿಗ್ಗೆ ಮತ್ತೆ ಶುರು. ಕೊನೆಯ ದೃಶ್ಯದಲ್ಲಿ ಅವನು ಅವಳ ಮೊಬೈಲನ್ನು ಬಂದರಿನ ನೀರಿಗೆ ಎಸೆಯುತ್ತಾನೆ, ಕೆನ್ನೆಗೆ ಹೊಡೆಯುತ್ತಾನೆ. ಅವಳೂ ತಿರುಗಿ ಹೊಡೆಯುತ್ತಾಳೆ. ಇಬ್ಬರೂ ಅಳುತ್ತಾರೆ, ಮಳೆಯಲ್ಲಿ ತಬ್ಬಿಕೊಳ್ಳುತ್ತಾರೆ, ಪರದೆ ಕಪ್ಪಾಗುತ್ತದೆ.

ಕೊನೆ ಹೇಗನ್ನಿಸಿತು ಎಂದು ಮುಲಾಜಿಲ್ಲದೆ ಹೇಳಿ. ಮಳೆಗಾಲದಲ್ಲಿ ಸ್ಥಳದಲ್ಲೇ ಧ್ವನಿ ಹಿಡಿಯಲು ಸಾಧ್ಯವೇ ಎಂಬುದನ್ನೂ ತಿಳಿದವರು ಹೇಳಬೇಕು. ಹಾಗೆಯೇ ಹೆಂಚಿನ ಮನೆಯೊಂದು ಯಾರ ಕೈಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.

ಪಡುಕೆರೆ ಅಕ್ಕ:
ತಮ್ಮಾ, ಕಥೆಯ ಬುಡ ಗಟ್ಟಿ ಇದೆ. 61 ದಿನದ ಲೆಕ್ಕ ಹಿಡಿದದ್ದಕ್ಕೇ ನಿನಗೆ ಒಂದು ಚಹಾ ಕುಡಿಸಬೇಕು. ಆದರೆ ಫ್ಯಾನಿಗೆ, ಉಪ್ಪಿಗೆ ಯಾರೂ ಎರಡು ತಿಂಗಳು ಜಗಳವಾಡುವುದಿಲ್ಲ. ನನ್ನ ಯಜಮಾನರೂ ಬೋಟಿಗೆ ಹೋಗುವವರೇ, ಆದ್ದರಿಂದ ಹೇಳುತ್ತೇನೆ.

ಹತ್ತು ತಿಂಗಳು ಮನೆ ನಡೆಸುವವಳು ಅವಳು. ಗ್ಯಾಸ್ ಯಾವಾಗ ಮುಗಿಯುತ್ತದೆ, ಸಂಘದ ಕಂತು ಯಾವ ವಾರ, ಹಾಲಿನವನಿಗೆ ಎಷ್ಟು ಬಾಕಿ, ಮಾಡಿನ ಯಾವ ಹೆಂಚು ಒಡೆದಿದೆ, ಎಲ್ಲವೂ ಅವಳ ತಲೆಯಲ್ಲಿ. ಜೂನ್ ತಿಂಗಳಲ್ಲಿ ಈ ಮನುಷ್ಯ ಬಂದು ಕುರ್ಚಿಯಲ್ಲಿ ಕುಳಿತು "ಹಾಲಿಗೆ ಇಷ್ಟು ಯಾಕೆ?" ಎಂದು ಕೇಳುತ್ತಾನೆ. ಸಕ್ಕರೆ ಡಬ್ಬ ಎಲ್ಲಿದೆ ಎಂದು ಅವನಿಗೆ ಗೊತ್ತಿಲ್ಲ, ಲೆಕ್ಕ ಮಾತ್ರ ಬೇಕು. ಅವನ ಕಡೆಯಿಂದಲೂ ನೋಡು: ಬೋಟಿನಲ್ಲಿ ಅವನು ಹೇಳಿದರೆ ಬಲೆ ಇಳಿಯುತ್ತದೆ, ಹೇಳಿದರೆ ಬಲೆ ಏರುತ್ತದೆ. ಮನೆಯಲ್ಲಿ ಅವನ ಮಾತಿಗೆ ಬೆಕ್ಕೂ ಏಳುವುದಿಲ್ಲ. ಸಂಪಾದನೆಯೂ ನಿಂತಿದೆ. ಮುಂದಿನ ಋತುವಿಗೆ ಬೋಟಿನ ಮಾಲೀಕರಿಂದ ಮುಂಗಡ ತೆಗೆದುಕೊಳ್ಳಬೇಕೋ ಬೇಡವೋ ಎಂಬ ಚಿಂತೆ ಬೇರೆ. ಜುಲೈಯಲ್ಲಿ ಮನೆಗೆ ಅಕ್ಕಿ ಬರುವುದು ಅವಳ ಹೊಲಿಗೆಯ ಕೂಲಿಯಿಂದ. ಇದನ್ನು ಇಬ್ಬರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅದಕ್ಕೇ ಉಪ್ಪು ಹೆಚ್ಚಾಯಿತು ಎಂದು ತಟ್ಟೆ ಸರಿಸುವುದು.

ಕೊನೆಯ ಹೊಡೆತ ನನಗೆ ಹಿಡಿಸಲಿಲ್ಲ. ಕಾರಣ ಆಮೇಲೆ ಬರೆಯುತ್ತೇನೆ, ಈಗ ಒಲೆಯ ಮೇಲೆ ಅನ್ನ ಇದೆ.

ರಥಬೀದಿ:
ಹೊಡೆತ ತೆಗೆದರೆ ಉಳಿಯುವುದು ಧಾರಾವಾಹಿ. ಪ್ರೀತಿ ಮತ್ತು ದ್ವೇಷ ಒಂದೇ ಮೈಯಲ್ಲಿ ಇರುವವರ ಕಥೆ ಹೇಳುತ್ತಿದ್ದೀರಿ, ಅವರು ಕುಳಿತು ಚರ್ಚಾಕೂಟ ನಡೆಸುತ್ತಾರೆಯೇ? ನಿಜ ಜೀವನದಲ್ಲಿ ನಡೆಯುವುದನ್ನೇ ತೋರಿಸುತ್ತಿದ್ದಾರೆ. ಸಿನಿಮಾ ಎಂದರೆ ನೀತಿಪಾಠದ ತರಗತಿಯಲ್ಲ. ಅವಳೂ ತಿರುಗಿ ಹೊಡೆಯುತ್ತಾಳಲ್ಲ, ಲೆಕ್ಕ ಸಮವಾಯಿತು.

ಎಂಡ್ ಪಾಯಿಂಟ್:
ರಥಬೀದಿಯವರೇ, ಹೊಡೆತವನ್ನು ತೋರಿಸಬಾರದು ಎಂದು ನಾನು ಹೇಳುವುದಿಲ್ಲ. ಧಾರಾಳವಾಗಿ ತೋರಿಸಲಿ. ನನ್ನ ತಕರಾರು ಅದರ ಮುಂದಿನ ಎಂಟು ಸೆಕೆಂಡುಗಳ ಬಗ್ಗೆ. ಹೊಡೆತ, ಕಣ್ಣೀರು, ಮಳೆ, ಅಪ್ಪುಗೆ, ಕತ್ತಲೆ. ಈ ಕ್ರಮದಲ್ಲಿ ಜೋಡಿಸಿದರೆ ಹೊಡೆತವೇ ಅಪ್ಪುಗೆಗೆ ಕೊಟ್ಟ ಟಿಕೆಟ್ ಆಗುತ್ತದೆ. ಪಾತ್ರಗಳು ಏನೇ ಹೇಳಲಿ, ಸಂಕಲನ ಹೇಳುವುದು ಇದನ್ನೇ.

ಲೆಕ್ಕ ಸಮವೂ ಆಗುವುದಿಲ್ಲ. ದಿನಗಟ್ಟಲೆ ಬಲೆ ಎಳೆದ ಕೈ ಅವನದು. ಇಬ್ಬರ ಏಟಿಗೂ ಒಂದೇ ತೂಕ ಎಂದು ನಂಬಿಸಲು ನಿಮಗೆ ಧ್ವನಿ ವಿನ್ಯಾಸಕರ ಸಹಾಯ ಬೇಕಾದೀತು. ಇನ್ನು ಮೊಬೈಲ್. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ದೈಹಿಕ ಹಿಂಸೆಯ ಜೊತೆಗೆ ಮಾತಿನ, ಮನಸ್ಸಿನ ಮತ್ತು ಆರ್ಥಿಕ ಹಿಂಸೆಯನ್ನೂ ಹೆಸರಿಸುತ್ತದೆ. ಹೊಲಿಗೆಯವಳ ಗಿರಾಕಿಗಳೆಲ್ಲ ಆ ಮೊಬೈಲಿನಲ್ಲಿದ್ದಾರೆ. ಅದನ್ನು ನೀರಿಗೆ ಎಸೆದರೆ ಅವಳ ದುಡಿಮೆಯನ್ನೇ ಎಸೆದಂತೆ. ನಿಮ್ಮ ನಾಯಕನಿಗೆ ಇದು ಗೊತ್ತಿದೆಯೇ? ಗೊತ್ತಿದ್ದೂ ಎಸೆದರೆ ಅವನು ಒಂದು ಬಗೆಯ ಮನುಷ್ಯ, ಗೊತ್ತಿಲ್ಲದೆ ಎಸೆದರೆ ಇನ್ನೊಂದು ಬಗೆ. ಚಿತ್ರಕಥೆ ಬರೆದವರಿಗಾದರೂ ಗೊತ್ತಿರಬೇಕು.

ನಾನು ಮನಶ್ಶಾಸ್ತ್ರ ಕಲಿಸುವವಳು, ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಜಾನ್ ಗಾಟ್‌ಮನ್ ದಂಪತಿಗಳ ಜಗಳವನ್ನೇ ವರ್ಷಗಟ್ಟಲೆ ಚಿತ್ರೀಕರಿಸಿ ಅಧ್ಯಯನ ಮಾಡಿದವರು. ಸಂಸಾರವನ್ನು ಕೆಡಿಸುವ ನಾಲ್ಕು ವರ್ತನೆಗಳನ್ನು ಅವರು ಗುರುತಿಸಿದರು: ವ್ಯಕ್ತಿಯನ್ನೇ ದೂರುವುದು, ತಿರಸ್ಕಾರ, ಸದಾ ತನ್ನನ್ನು ಸಮರ್ಥಿಸಿಕೊಳ್ಳುವುದು, ಬಾಯಿ ಮುಚ್ಚಿ ಗೋಡೆಯಾಗುವುದು. ಇವುಗಳಲ್ಲಿ ತಿರಸ್ಕಾರವೇ ಅತಿ ಕೆಟ್ಟದ್ದು ಎಂಬುದು ಅವರ ಅಭಿಪ್ರಾಯ. ಕೂಗಾಡುವ ಜೋಡಿ ಉಳಿಯಬಹುದು. ತುಟಿ ಸೊಟ್ಟ ಮಾಡಿ ಕಣ್ಣು ಹೊರಳಿಸುವ ಜೋಡಿಯ ಬಗ್ಗೆ ಚಿಂತಿಸಬೇಕು. ನಟರಿಗೆ ಇದು ಉಪಯೋಗಕ್ಕೆ ಬರುತ್ತದೆ. ಎಲ್ಲಿ ಕೂಗಬೇಕು, ಎಲ್ಲಿ ತುಟಿ ಮಾತ್ರ ಆಡಬೇಕು ಎಂದು ಮೊದಲೇ ನಿರ್ಧರಿಸಿ.

ಕೊಡಿಯಾಲದವ:
ಎಲ್ಲರೂ ದೊಡ್ಡ ವಿಷಯ ಮಾತನಾಡುತ್ತಿದ್ದೀರಿ. ನನ್ನದು ಮೀನಿನ ವಿಷಯ. ಮಲ್ಪೆಯ ಕ್ಯಾಮೆರಾ ಚಿತ್ರಕಥೆಯ ಮೊದಲ ಪುಟಗಳನ್ನು ಪ್ರತ್ಯೇಕವಾಗಿ ಕಳುಹಿಸಿದ್ದರು. ಜೂನ್ ಮೊದಲ ವಾರದ ಊಟದ ದೃಶ್ಯದಲ್ಲಿ ತಾಜಾ ಬಂಗುಡೆ ಪುಳಿಮುಂಚಿ ಇದೆ. ಎಲ್ಲಿಂದ ಬಂತು ಮಾರಾಯರೇ? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರ ತನಕ, ನಮ್ಮದು ಜೂನ್ 1ರಿಂದ. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡೆ ಬೋಟು ಕಟ್ಟಿರುತ್ತಾರೆ. ಆಗ ತಾಂಡೇಲನ ಮನೆಯಲ್ಲಿ ಒಣಮೀನು ಅಥವಾ ಸಿಗಡಿ ಚಟ್ನಿ ಇಡಿ. ಜೂನ್ ಕೊನೆಗೆ ಬೇಕಿದ್ದರೆ ಪೂರ್ವದಿಂದ ಲಾರಿಯಲ್ಲಿ ಬಂದ ಐಸಿನ ಮೀನು ತನ್ನಿ. ಅದನ್ನು ಮೂಸಿ ನೋಡಿ ತಾಂಡೇಲ ಮುಖ ಸಿಂಡರಿಸುತ್ತಾನೆ, ದುಡ್ಡು ಕೊಟ್ಟು ತಂದವಳಿಗೆ ಸಿಟ್ಟು ಬರುತ್ತದೆ. ಜಗಳವೂ ಸಿಕ್ಕಿತು ನೋಡಿ, ನಾನು ಕೂಲಿ ಕೇಳುವುದಿಲ್ಲ.

ರಥಬೀದಿ:
ಈ ಐಸ್ ಮೀನಿನ ಜಗಳವನ್ನು ಒಪ್ಪಿದೆ. ಹೊಡೆತದ ವಿಷಯದಲ್ಲಿ ಇನ್ನೂ ಒಪ್ಪಿಲ್ಲ.

ತಾಳಮದ್ದಳೆ ಪ್ರಿಯ:
ಚರ್ಚೆ ಓದುತ್ತಿದ್ದೇನೆ. ಜಗಳ ಬರೆಯುವುದನ್ನು ಕಲಿಯಲು ನಮ್ಮ ಜಿಲ್ಲೆಯವರು ಬೇರೆಲ್ಲೂ ಹೋಗಬೇಕಾಗಿಲ್ಲ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ಊರೂರಿನಲ್ಲಿ ತಾಳಮದ್ದಳೆ ನಡೆಯುತ್ತದೆ. ನಿಮ್ಮ ಕಥೆ ನಡೆಯುವ ಕಾಲವೂ ಅದೇ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಶಾಲು ಹೊದ್ದು ಕುಳಿತ ಇಬ್ಬರು ಅರ್ಥಧಾರಿಗಳು ಬರೀ ಮಾತಿನಿಂದ ಒಬ್ಬರನ್ನೊಬ್ಬರು ಕಟ್ಟಿಹಾಕುತ್ತಾರೆ. ಭಾಮೆ ಮುನಿದು ಬಾಗಿಲು ಹಾಕಿಕೊಂಡಿದ್ದಾಳೆ, ಕೃಷ್ಣ ಹೊರಗೆ ನಿಂತಿದ್ದಾನೆ, ಈ ಒಂದು ಸಂದರ್ಭವನ್ನು ಒಳ್ಳೆಯ ಜೋಡಿ ಒಂದು ಗಂಟೆ ಎಳೆದರೂ ಸಭೆ ಏಳುವುದಿಲ್ಲ.

ಗಮನಿಸಬೇಕಾದ್ದು ಏನೆಂದರೆ, ಅಲ್ಲಿ ಯಾರೂ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಎದುರಾಳಿಯ ಕೊನೆಯ ಮಾತನ್ನು ಹಿಡಿದು ಅದನ್ನೇ ತಿರುಗಿಸುತ್ತಾರೆ. "ತಡವಾಯಿತು" ಎಂದು ಕೃಷ್ಣ ಹೇಳಿದರೆ "ಯಾರಿಗೆ ತಡ?" ಎಂದು ಭಾಮೆ. ಅಲ್ಲಿಂದ ಮಾತು ಎಲ್ಲಿಗೋ ಹೋಗುತ್ತದೆ. ಮೂಲ ವಿಷಯ ಮರೆತು ಹೋಗಿ, ಮೂರು ವರ್ಷದ ಹಿಂದಿನ ವಿಷಯ ಎದ್ದು ಕೂರುತ್ತದೆ. ನಿಜವಾದ ಗಂಡ ಹೆಂಡಿರ ಜಗಳವೂ ಹೀಗೆಯೇ ಅಲ್ಲವೇ? ನೀವು ಬರೆದ ಸಂಭಾಷಣೆಯಲ್ಲಿ ಪ್ರತಿ ಪ್ರಶ್ನೆಗೂ ನೇರ ಉತ್ತರ ಇದ್ದರೆ ಅದು ಜಗಳವಾಗುವುದಿಲ್ಲ, ಬ್ಯಾಂಕಿನ ಕಿಟಕಿಯಾಗುತ್ತದೆ.

ಇನ್ನೊಂದು. ನಾಟ್ಯಶಾಸ್ತ್ರ ಹೇಳುವ ಎಂಟು ನಾಯಿಕೆಯರಲ್ಲಿ ಒಬ್ಬಳು ಕಲಹಾಂತರಿತೆ: ಜಗಳವಾಡಿ ಅವನನ್ನು ಕಳುಹಿಸಿಬಿಟ್ಟು ಆಮೇಲೆ ಬೇಯುವವಳು. ಹಳಬರು ಆ ಜಗಳಕ್ಕಿಂತ ಜಗಳದ ನಂತರದ ಹೊತ್ತನ್ನು ಹೆಚ್ಚು ಆಸೆಯಿಂದ ಬಣ್ಣಿಸಿದ್ದಾರೆ. ನಿಮ್ಮ ಇಪ್ಪತ್ತು ನಿಮಿಷದಲ್ಲಿ ಅದಕ್ಕೆ ಎಷ್ಟು ಜಾಗ ಕೊಟ್ಟಿದ್ದೀರಿ? ಅವನು ಛತ್ರಿ ಬಿಟ್ಟು ಹೊರಗೆ ಹೋಗಿದ್ದಾನೆ, ಮಳೆ ಹೊಡೆಯುತ್ತಿದೆ, ಅವಳು ಛತ್ರಿಯನ್ನು ನೋಡುತ್ತಾ ಹೊಲಿಗೆ ಹಾಕುತ್ತಿದ್ದಾಳೆ. ಇಲ್ಲಿ ಎರಡು ನಿಮಿಷ ನಿಲ್ಲುವ ಧೈರ್ಯ ಮಾಡಿ. ಕೆನ್ನೆಯ ವಿಷಯ ಆಮೇಲೆ ನೋಡೋಣ.

ಮಲ್ಪೆಯ ಕ್ಯಾಮೆರಾ:
ತಾಳಮದ್ದಳೆಯವರೇ, ಛತ್ರಿಯನ್ನು ಕದ್ದೆ. ಅಕ್ಕ, ಹಾಲಿನ ಲೆಕ್ಕವನ್ನೂ ಕದ್ದೆ. ಆದರೆ ಎಂಡ್ ಪಾಯಿಂಟ್ ಮೇಡಂ, ಮೊಬೈಲ್ ಎಸೆಯುವ ದೃಶ್ಯವನ್ನು ನಾನು ಬಿಡುವುದಿಲ್ಲ. ಅವನು ಅಷ್ಟು ಕೆಟ್ಟ ಕೆಲಸ ಮಾಡಬಲ್ಲ ಎಂದು ತಿಳಿದ ಮೇಲೂ ನೋಡುವವರು ಅವನನ್ನು ಪೂರ್ತಿ ಬಿಟ್ಟುಕೊಡಬಾರದು. ಆ ಇಕ್ಕಟ್ಟೇ ನನಗೆ ಬೇಕಾದದ್ದು. ಹೊಡೆತವಿಲ್ಲದೆ ಅಲ್ಲಿಗೆ ತಲುಪಬಹುದೇ ಎಂದು ಯೋಚಿಸುತ್ತಿದ್ದೇನೆ.

ಪಡುಕೆರೆ ಅಕ್ಕ:
ಅನ್ನ ಆಯಿತು. ಈಗ ಬಾಕಿ ಇದ್ದ ಕಾರಣ.

ಕಡಲಿಗೆ ಹೋಗುವವರು ಎಂದರೆ ಕುಡಿದು ಬಂದು ಹೆಂಡತಿಗೆ ಹೊಡೆಯುವವರು ಎಂದು ಸಿನಿಮಾದವರು ಒಂದು ಅಚ್ಚು ಮಾಡಿಟ್ಟಿದ್ದಾರೆ. ನೀನು ಮಲ್ಪೆಯ ಹುಡುಗನಾಗಿ ಅದೇ ಅಚ್ಚಿಗೆ ಹಿಟ್ಟು ಹಾಕಬೇಡ. ಹೊಡೆಯುವವರು ಬ್ಯಾಂಕಿನಲ್ಲೂ ಇದ್ದಾರೆ, ಕಾಲೇಜಿನಲ್ಲೂ ಇದ್ದಾರೆ.

ಮೊಬೈಲ್ ಎಸೆಯಲಿ. ಆಮೇಲೆ ಅವನೇ ನೀರಿಗೆ ಇಳಿದು ಹುಡುಕಲಿ. ಬಂದರಿನ ಆ ಕೊಳಕು ನೀರು, ಡೀಸೆಲ್, ಮೀನಿನ ಸಿಪ್ಪೆ. ಸಿಕ್ಕುವುದಿಲ್ಲ. ಅವಳು ದಡದಲ್ಲಿ ನಿಂತು "ಮೇಲೆ ಹತ್ತು, ಸಾಕು" ಎಂದು ಹೇಳದೆ ಸುಮ್ಮನೆ ನೋಡಲಿ. ಅಷ್ಟು ಶಿಕ್ಷೆ ಅವನಿಗೆ ಬೇಕು, ನನಗೂ ನೋಡಿ ಸಮಾಧಾನ.

ಎಂಡ್ ಪಾಯಿಂಟ್:
ಅಕ್ಕ, ನೀವೇ ಚಿತ್ರಕಥೆ ಬರೆಯಬೇಕಿತ್ತು.

ಧ್ವನಿಪೆಟ್ಟಿಗೆ:
ಧ್ವನಿಯ ಪ್ರಶ್ನೆಗೆ ಬರುತ್ತೇನೆ. ಮಂಗಳೂರಿನಲ್ಲಿ ಮದುವೆ, ಸಾಕ್ಷ್ಯಚಿತ್ರ, ಯಕ್ಷಗಾನ ಎಲ್ಲಕ್ಕೂ ಧ್ವನಿ ಹಿಡಿದಿದ್ದೇನೆ. ಹೆಂಚಿನ ಮಾಡಿನ ಕೆಳಗೆ ಜೋರು ಮಳೆಯಲ್ಲಿ ಸಂಭಾಷಣೆ ಹಿಡಿಯುವುದು ದಂಡ. ಕಾರಣ ಮಳೆಯ ಗದ್ದಲ ಮಾತ್ರವಲ್ಲ, ಮಳೆ ಒಂದೇ ಹದದಲ್ಲಿ ಇರುವುದಿಲ್ಲ. ಅವಳ ಶಾಟ್ ತೆಗೆಯುವಾಗ ಧೋ ಎಂದು ಸುರಿದು, ಅವನ ಶಾಟ್‌ಗೆ ಬರುವಷ್ಟರಲ್ಲಿ ಹನಿಯಾಗಿರುತ್ತದೆ. ಎರಡನ್ನೂ ಜೋಡಿಸಿದರೆ ಪ್ರತಿ ಮಾತಿಗೂ ಮಳೆ ನಿಂತು ಶುರುವಾದಂತೆ ಕೇಳುತ್ತದೆ. ಮನೆಯೊಳಗಿನ ಮಾತಿನ ದೃಶ್ಯಗಳನ್ನು ಮಳೆ ಬಿಟ್ಟ ಹೊತ್ತಿನಲ್ಲಿ ತೆಗೆಯಿರಿ. ಮಳೆಯನ್ನು ಬೇರೆಯಾಗಿ ಹಿಡಿಯಿರಿ: ಹೆಂಚಿನ ಮೇಲಿನದು, ಬಚ್ಚಲಿನ ತಗಡಿನ ಮೇಲಿನದು, ಅಂಗಳದ್ದು, ತಲಾ ನಾಲ್ಕೈದು ನಿಮಿಷ. ಆಮೇಲೆ ಬೇಕಾದಷ್ಟು ಸುರಿಸಬಹುದು. ಪ್ರತಿ ಕೋಣೆಯಲ್ಲೂ ಯಾರೂ ಮಾತನಾಡದೆ ಒಂದು ನಿಮಿಷದ ಖಾಲಿ ಧ್ವನಿಯನ್ನು ಮರೆಯದೆ ಹಿಡಿಯಿರಿ, ಸಂಕಲನದಲ್ಲಿ ಪ್ರಾಣ ಉಳಿಸುವುದು ಅದು.

ಟೇಕ್ ತೆಗೆಯುವಾಗ ಫ್ಯಾನ್, ಫ್ರಿಜ್ ಬಂದ್. ಫ್ರಿಜ್ ಬಂದ್ ಮಾಡಿದವರು ತಮ್ಮ ಬೈಕಿನ ಕೀಲಿಯನ್ನು ಅದರೊಳಗೆ ಇಡಬೇಕು. ಆಗ ಮತ್ತೆ ಚಾಲೂ ಮಾಡದೆ ಮನೆಗೆ ಹೋಗಲು ಆಗುವುದಿಲ್ಲ.

ಕ್ಯಾಮೆರಾದವರಿಗೆ: ಹಳೆಯ ಟ್ಯೂಬ್‌ಲೈಟಿನ ಕೆಳಗೆ ಶಟರ್ ವೇಗ 1/50ಕ್ಕೆ ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್, ಬೇರೆ ವೇಗದಲ್ಲಿ ಬೆಳಕು ಮಿಟುಕಬಹುದು. ಎಸಿ ಕೋಣೆಯಿಂದ ಹೊರಗೆ ತಂದ ತಕ್ಷಣ ಲೆನ್ಸಿನ ಮೇಲೆ ಹಬೆ ಕೂರುತ್ತದೆ, ಸ್ವಲ್ಪ ಮೊದಲೇ ಹೊರಗೆ ತಂದಿಡಿ.

ಕೋಟೇಶ್ವರದ ಸೊಸೆ:
ಭಾಷೆ ಯಾವುದು ಎಂದು ಯಾರೂ ಕೇಳಲಿಲ್ಲವಲ್ಲ! ಮಲ್ಪೆಯ ತಾಂಡೇಲ ಮನೆಯಲ್ಲಿ ತುಳು ಮಾತನಾಡುತ್ತಾನೆ, ಪೂರ್ತಿ ಕನ್ನಡದಲ್ಲಿ ಜಗಳವಾಡಿದರೆ ಊರಿನವರೇ ನಗುತ್ತಾರೆ. ಅವಳನ್ನು ಗಂಗೊಳ್ಳಿಯ ಕಡೆಯಿಂದ ತನ್ನಿ. ಅವಳದು ಕುಂದಾಪುರ ಕನ್ನಡ, ಅವನದು ತುಳು. ಸಮಾಧಾನವಿದ್ದಾಗ ಒಬ್ಬರ ಮಾತನ್ನು ಒಬ್ಬರು ಆಡಲು ಪ್ರಯತ್ನಿಸುತ್ತಾರೆ, ಸಿಟ್ಟು ಬಂದಾಗ ತಂತಮ್ಮ ಭಾಷೆಗೆ ಓಡುತ್ತಾರೆ. ನಮ್ಮ ಮನೆಯಲ್ಲಿ ನಡೆಯುವುದನ್ನೇ ಹೇಳುತ್ತಿದ್ದೇನೆ. ನಮ್ಮ ಅತ್ತೆ ನಾನು ಯಾವ ಭಾಷೆಯಲ್ಲಿ ಪಾತ್ರೆ ತೊಳೆಯುತ್ತಿದ್ದೇನೆ ಎಂದು ಕೇಳಿಯೇ ಒಳಗೆ ಬರುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಕಾಪು ದೀಪಸ್ತಂಭ:
ಗಂಗೊಳ್ಳಿ ಎಂದದ್ದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ತುಳುನಾಡಿನ ಮತ್ತು ಕುಂದಾಪುರ ಕಡೆಯ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನ ಇತ್ತು. ಆಸ್ತಿ, ಬರಿ (ಕುಲದ ಹೆಸರು) ಎರಡೂ ತಾಯಿಯ ಕಡೆಯಿಂದ. 1949ರಲ್ಲಿ ಮದ್ರಾಸ್ ಸರ್ಕಾರ ಅದಕ್ಕೆಂದೇ ಕಾಯ್ದೆ ಮಾಡಿತ್ತು. 1956ರ ಉತ್ತರಾಧಿಕಾರ ಕಾಯ್ದೆಯ ನಂತರ ಆಸ್ತಿಯ ಲೆಕ್ಕ ಬದಲಾದರೂ ಹೆಣ್ಣಿಗೆ ತಾಯಿಮನೆಯ ಬಾಗಿಲು ತೆರೆದೇ ಇರುತ್ತದೆ ಎಂಬ ಭಾವನೆ ಈಗಲೂ ಉಳಿದಿದೆ. ಚೀಲ ಹಿಡಿದು ಬಸ್ ಹತ್ತಿದರೆ ಅದೊಂದು ಲೋಕ ಮುಳುಗುವ ವಿಷಯವಾಗುವುದಿಲ್ಲ.

ಕಿರುಚಿತ್ರಕ್ಕೆ ಇದು ಮುಖ್ಯ. ಅವಳಿಗೆ ಹೋಗಲು ಜಾಗವಿದೆ, ಕೈಯಲ್ಲಿ ಕೆಲಸವಿದೆ. ಆದರೂ ಅವಳು ಅಲ್ಲೇ ಇದ್ದು ಜಗಳವಾಡುತ್ತಾಳೆ ಎಂದಾದರೆ ಮಾತ್ರ ನನಗೆ ಇದು ಪ್ರೇಮಕಥೆ ಎನ್ನಿಸುತ್ತದೆ. ಹೋಗಲಾರದೆ ಉಳಿದವಳ ಕಥೆಯೂ ಹೇಳಬೇಕಾದ ಕಥೆಯೇ, ಅದಕ್ಕೆ ಮಳೆಯ ಅಪ್ಪುಗೆ ಮತ್ತು ಹಿನ್ನೆಲೆ ಸಂಗೀತ ಮಾತ್ರ ಬೇಡ. ಮಧ್ಯದಲ್ಲಿ ಒಮ್ಮೆ ಅವಳನ್ನು ನಿಜವಾಗಿಯೂ ಗಂಗೊಳ್ಳಿಗೆ ಕಳುಹಿಸಿ, ತಾನಾಗಿಯೇ ಮರಳಿ ಬರಲಿ. ಬಂದವಳು "ಮಷೀನ್ ಇಲ್ಲೇ ಇದೆಯಲ್ಲ, ಅದಕ್ಕೆ ಬಂದೆ" ಎನ್ನಲಿ.

ರಥಬೀದಿ:
"ಮಷೀನಿಗೆ ಬಂದೆ" ಚೆನ್ನಾಗಿದೆ. ಸರಿ, ಹೊಡೆತ ಹೋಗಲಿ. ಆದರೆ ಕೊನೆಗೆ ಏನಾದರೂ ಬೇಕಲ್ಲ? ನನ್ನದೊಂದು ಸೂಚನೆ. ಇಬ್ಬರೂ ದಿನ ಎಣಿಸುತ್ತಿದ್ದಾರೆ, ಗೋಡೆಯ ಕ್ಯಾಲೆಂಡರಿನಲ್ಲಿ ಜುಲೈ 31. ಅಂದು ರಾತ್ರಿ ಅವರ ನಡುವೆ ಅಷ್ಟು ಚೆಂದದ ಮಾತುಕತೆ, ಹೇಗೂ ನಾಳೆ ಹೋಗುವವನಲ್ಲವೇ. ಎಲ್ಲ ತಪ್ಪುಗಳಿಗೂ ಪರಸ್ಪರ ಕ್ಷಮೆ. ಬೆಳಿಗ್ಗೆ ಅವಳು ಬುತ್ತಿ ಕಟ್ಟಿ ಕಳುಹಿಸುತ್ತಾಳೆ, ಕಣ್ಣೀರು ಒರೆಸಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಂದು ನೋಡಿದರೆ ಅವನು ಅದೇ ಕುರ್ಚಿಯಲ್ಲಿ ಕುಳಿತಿದ್ದಾನೆ. ಕಡಲು ಪ್ರಕ್ಷುಬ್ಧ, ಬೋಟು ಬಿಡಲಿಲ್ಲ. 62ನೆಯ ದಿನ.

ಪಡುಕೆರೆ ಅಕ್ಕ:
ಅಯ್ಯೋ ದೇವರೇ, ಇದು ಎಷ್ಟು ಸಲ ಆಗಿದೆ ನಮ್ಮ ಮನೆಯಲ್ಲಿ! ಆಗಸ್ಟ್ ಒಂದಕ್ಕೆ ಸರಕಾರ ಬಿಡುತ್ತದೆ, ಕಡಲು ಬಿಡಬೇಕಲ್ಲ. ನೂಲ ಹುಣ್ಣಿಮೆಯ (ಶ್ರಾವಣದ ಹುಣ್ಣಿಮೆ) ಹೊತ್ತಿಗೆ ಮಲ್ಪೆಯ ವಡಭಾಂಡೇಶ್ವರದಲ್ಲಿ ಸಮುದ್ರ ಪೂಜೆ ಆಗಬೇಕು ಎನ್ನುವವರೂ ಇದ್ದಾರೆ. ಬುತ್ತಿಯನ್ನು ಅವನು ಮಧ್ಯಾಹ್ನವೇ ತಿಂದು ಮುಗಿಸಿರಬೇಕು, ಪಾತ್ರೆ ತೊಳೆದಿರಬಾರದು. ಅವಳು ಪಾತ್ರೆಯನ್ನು ನೋಡುತ್ತಾಳೆ, ಅವನನ್ನು ನೋಡುತ್ತಾಳೆ. ರಥಬೀದಿಯವರೇ, ನಿಮ್ಮ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಮಲ್ಪೆಯ ಕ್ಯಾಮೆರಾ:
ಇದೇ ಕೊನೆ. ತಂಡದವರಿಗೆ ಓದಿ ಹೇಳಿದೆ, ನಾಯಕನ ಪಾತ್ರ ಮಾಡುವವನು ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದ. ಮೊಬೈಲ್ ಎಸೆಯುವುದು ಮಧ್ಯಕ್ಕೆ ಬರುತ್ತದೆ, ಅವಳು ಗಂಗೊಳ್ಳಿಗೆ ಹೋಗುವುದಕ್ಕೆ ಅದೇ ಕಾರಣ. ನೀರಿಗೆ ಇಳಿದು ಹುಡುಕುವ ದೃಶ್ಯವೂ ಇರುತ್ತದೆ.

ಬಂದರಿನ ಅನುಮತಿ ಯಾರ ಹತ್ತಿರ ಕೇಳಬೇಕು? ನಿಷೇಧದ ಕಾಲದಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಅವರಿಬ್ಬರೂ ಒಂದು ಬೋಟಿನಿಂದ ಇನ್ನೊಂದಕ್ಕೆ ದಾಟುತ್ತಾ ಜಗಳವಾಡುವ ಒಂದು ಉದ್ದನೆಯ ಶಾಟ್ ತೆಗೆಯುವ ಆಸೆ.

ಕೊಡಿಯಾಲದವ:
ಮೀನುಗಾರಿಕೆ ಇಲಾಖೆಗೆ ಲಿಖಿತ ಅರ್ಜಿ ಕೊಡಿ, ಮೀನುಗಾರರ ಸಂಘದವರನ್ನೂ ಕಂಡು ಮಾತನಾಡಿ. ಯಾರ ಬೋಟುಗಳ ಮೇಲೆ ನಡೆಯುತ್ತೀರೋ ಆ ಮಾಲೀಕರ ಒಪ್ಪಿಗೆ ಬೇರೆಯಾಗಿ ಬೇಕು. ಮಳೆಗೆ ಹಲಗೆ ಜಾರುತ್ತದೆ, ಜಗಳವಾಡುವವರ ಕಣ್ಣು ಕಾಲಿನ ಮೇಲಿರುವುದಿಲ್ಲ. ಆಚೀಚೆ ಈಜು ಬಲ್ಲ ಇಬ್ಬರನ್ನು ನಿಲ್ಲಿಸಿ. ನೀರಿಗೆ ಇಳಿಯುವ ದೃಶ್ಯವನ್ನು ಬಂದರಿನಲ್ಲೇ ತೆಗೆಯುವ ಹಠ ಬೇಡ. ಡ್ರೋನ್ ಹಾರಿಸುವುದಾದರೆ 2021ರ ನಿಯಮಗಳ ಪ್ರಕಾರ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯ ನೋಡಿಕೊಳ್ಳಿ. ಯೂಟ್ಯೂಬಿಗೆ ಹಾಕಲು ಸೆನ್ಸಾರ್ ಪ್ರಮಾಣಪತ್ರ ಬೇಡ. ಸಭಾಂಗಣದಲ್ಲಿ ಸಾರ್ವಜನಿಕ ಪ್ರದರ್ಶನ ಇಟ್ಟರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಅನ್ವಯಿಸುತ್ತದೆ. ರೇಡಿಯೋದಲ್ಲಿ ಹಳೆಯ ಸಿನಿಮಾ ಹಾಡು ಕೇಳಿಸುವ ಆಸೆ ಇದ್ದರೆ ಮೊದಲು ಹಕ್ಕು ಯಾರದು ಎಂದು ನೋಡಿ.

ಹೆಂಚಿನ ಮನೆ:
ಕಲ್ಯಾಣಪುರದ ಹತ್ತಿರ ನಮ್ಮ ಹಳೆಯ ಮನೆ ಇದೆ. ಮಂಗಳೂರು ಹೆಂಚು, ಅಡುಗೆಮನೆಯ ಮೇಲೆ ಎರಡು ಗಾಜಿನ ಹೆಂಚು. ಬೆಳಿಗ್ಗೆ ಹತ್ತರ ಹೊತ್ತಿಗೆ ಮೋಡವಿಲ್ಲದಿದ್ದರೆ ಬಿಸಿಲಿನ ಕೋಲು ನೇರವಾಗಿ ಒಲೆಯ ಮುಂದೆ ಬೀಳುತ್ತದೆ. ಕೊಡಲು ಅಡ್ಡಿಯಿಲ್ಲ, ಬಾಡಿಗೆ ಬೇಡ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಅಮ್ಮ ಮಲಗುತ್ತಾರೆ, ಆಗ ಜಗಳದ ದೃಶ್ಯ ಬೇಡ. ದೇವರ ಕೋಣೆಯಲ್ಲಿ ಚಿತ್ರೀಕರಣ ಇಲ್ಲ. ಬಚ್ಚಲಿನ ಹಂಡೆಯನ್ನು ಯಾರೂ ಸರಿಸಬಾರದು, ಕಳೆದ ವರ್ಷ ಮದುವೆ ಫೋಟೋ ತೆಗೆಯಲು ಬಂದವರು ಸರಿಸಿ ಬಿರುಕು ಬಿಡಿಸಿದ್ದಾರೆ.

ಮಲ್ಪೆಯ ಕ್ಯಾಮೆರಾ:
ಎಲ್ಲಕ್ಕೂ ಒಪ್ಪಿಗೆ ಅಣ್ಣ. ಭಾನುವಾರ ಬಂದು ಮನೆ ನೋಡಬಹುದೇ? ಜಗಳದ ಒಂದು ದೃಶ್ಯವನ್ನು ಅಲ್ಲೇ ಓದಿ ನೋಡುವ ಯೋಚನೆ ಇದೆ.

ಹೆಂಚಿನ ಮನೆ:
ಬನ್ನಿ. ಅಮ್ಮನಿಗೆ ಕಥೆ ಹೇಳಿದೆ. ಹೊಲಿಗೆಯವಳ ಅತ್ತೆಯ ಪಾತ್ರ ಯಾರು ಮಾಡುತ್ತಾರೆ ಎಂದು ಕೇಳಿದರು. ಅತ್ತೆಯ ಪಾತ್ರವೇ ಇಲ್ಲ ಎಂದಾಗ, "ಹಾಗಾದರೆ ಇವರಿಗೆ ಇಷ್ಟು ಜಗಳವಾಡಲು ಪುರುಸೊತ್ತು ಹೇಗೆ ಸಿಕ್ಕಿತು?" ಎಂದರು. ಭಾನುವಾರ ನೀವೇ ಉತ್ತರ ಕೊಡಬೇಕು.